ಕೆಳಗೆ ನೋಡದೆ ಹೆಣೆಯುತ್ತಿದ್ದವರು

ನಮ್ಮ ಭಾವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದರು. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಒಬ್ಬರದು ದಿನವಿಡೀ ಮಂಜುಗಡ್ಡೆಯ ಸಹವಾಸ, ಇನ್ನೊಬ್ಬರದು ಹಬೆಯ ಸಹವಾಸ. "ನಮ್ಮ ಅಪ್ಪ ತಣ್ಣಗಿರುತ್ತಾರೆ, ಅಮ್ಮ ಬಿಸಿಯಾಗಿರುತ್ತಾರೆ, ನಾನು ಮತ್ತು ತಮ್ಮ ಉಗುರುಬೆಚ್ಚಗಿರುತ್ತೇವೆ" ಎಂದು ಅವರ ಮಗಳು ಶಾಲೆಯ ಪ್ರಬಂಧದಲ್ಲಿ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡಿದ್ದಳು. ಇನ್ನೊಂದು ಅಂಕ ಎಲ್ಲಿ ಹೋಯಿತೆಂದು ಭಾವ ಬಹಳ ದಿನ ಹುಡುಕುತ್ತಿದ್ದರು.

ಮಗಳಿಗೆ ಆಗ ಒಂಬತ್ತು ವರ್ಷ. ಪೆನ್ಸಿಲುಗಳ ತುದಿಯನ್ನೆಲ್ಲ ಕಚ್ಚಿಡುತ್ತಿದ್ದುದರಿಂದ ಮನೆಯಲ್ಲಿ ಅವಳನ್ನು ಗಿಣಿ ಅನ್ನುತ್ತಿದ್ದರು. ಮಾತಿನಲ್ಲಿ ಮಾತ್ರ ಅವಳು ಗಿಣಿಯಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲು ಅವಳಿಗೆ ಒಂದು ದಿನ ಬೇಕಾಗುತ್ತಿತ್ತು. ತಮ್ಮನಿಗೆ ಐದು ವರ್ಷ. ಹುಟ್ಟಿದ ಚಳಿಗಾಲದಲ್ಲಿ ಅವನನ್ನು ಉಣ್ಣೆಯಲ್ಲಿ ಸುತ್ತಿ ಸುತ್ತಿ ಮಲಗಿಸಿದ್ದರಂತೆ. ಆಗಿನಿಂದ ಅವನ ಹೆಸರು ಉಂಡೆ.

ನಾನು ಅಕ್ಕನ ತಂಗಿ. ನಮ್ಮೂರಿನಲ್ಲಿ ಕಾಲೇಜು ಇರಲಿಲ್ಲ. ಡಿಗ್ರಿ ಓದುವ ಮೂರು ವರ್ಷ ನಾನು ಆ ಮನೆಯಲ್ಲೇ ಇದ್ದೆ. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಉದ್ದನೆಯ ಪಡಸಾಲೆ. ಮುಂದಿನ ಕೋಣೆಯ ಕಿಟಕಿ ಬೀದಿಗೆ ತೆರೆಯುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಒಂದು ಬೆತ್ತದ ಕುರ್ಚಿ. ಅದು ಭಾವನದು. ಅದರಲ್ಲಿ ಬೇರೆಯವರು ಕೂರಬಾರದೆಂದೇನೂ ಇರಲಿಲ್ಲ. ಆದರೆ ಕೂತವರಿಗೆ ಕೈಯಲ್ಲಿ ಏನೂ ಇಲ್ಲವಲ್ಲ ಅನ್ನಿಸಿ ಎದ್ದುಬಿಡುತ್ತಿದ್ದರು.

ಭಾವನ ಪಾಳಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ. ಮೊದಲು ಆಲೂಗಡ್ಡೆ, ಸೇಬು ಇಡುವ ತಣ್ಣನೆಯ ಕೋಣೆಗಳಲ್ಲಿದ್ದರು. ಆಮೇಲೆ ಬಟಾಣಿ, ಮೀನು ಇಡುವ ಗಟ್ಟಿ ಚಳಿಯ ಕೋಣೆಗಳಿಗೆ ಹೋದರು. ಅಲ್ಲಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಒಂದೇ ಸಮ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಳಗಿರುವಂತಿಲ್ಲ. ಹೊರಗೆ ಬಂದು ಹೀಟರ್ ಇರುವ ಸಣ್ಣ ಕೋಣೆಯಲ್ಲಿ ಹತ್ತು ನಿಮಿಷ ಕೂತು ಮತ್ತೆ ಹೋಗಬೇಕು. ಆ ಸಣ್ಣ ಕೋಣೆಯಲ್ಲೇ ಯಂತ್ರ ನೋಡಿಕೊಳ್ಳುತ್ತಿದ್ದ ಮುದುಕ ಮೇಸ್ತ್ರಿಯೊಬ್ಬರು ಭಾವನಿಗೆ ಎರಡು ಕಡ್ಡಿ ಕೊಟ್ಟು, "ಕೈ ಉಜ್ಜಿಕೊಂಡು ಕೂತ್ರೆ ಚಳಿ ಹೋಗಲ್ಲ ಮಗಾ, ಬೆರಳಿಗೆ ಕೆಲಸ ಕೊಡು" ಎಂದು ಹೆಣೆಯುವುದನ್ನು ಕಲಿಸಿದ್ದು. ಹತ್ತು ನಿಮಿಷಕ್ಕೆ ಎರಡು ಸಾಲು. ಮದುವೆಯಾಗುವ ಹೊತ್ತಿಗೆ ಭಾವ ಕಾಲುಚೀಲದವರೆಗೆ ಬಂದಿದ್ದರು.

ನಮ್ಮ ಅಪ್ಪ ಮೊದಲ ಸಲ ಮಗಳ ಮನೆಗೆ ಹೋಗಿ ಬಂದವನು ಅಮ್ಮನನ್ನು ಒಳಗೆ ಕರೆದು, "ಹುಡುಗ ಒಳ್ಳೆಯವನೇ. ಆದ್ರೆ ಕೂತಲ್ಲಿ ಸ್ವೆಟರ್ ಹಾಕ್ತಾನೆ. ಯಾರ ಹತ್ರಾನೂ ಬಾಯಿ ಬಿಡಬೇಡ" ಅಂದಿದ್ದ. ಮರುವರ್ಷ ಅಪ್ಪನಿಗೇ ಒಂದು ಕಂದು ಬಣ್ಣದ ಸ್ವೆಟರ್ ಬಂತು. ಅದನ್ನು ಹಾಕಿಕೊಂಡು ಹಾಲು ಕರೆದ, ಗದ್ದೆಗೆ ನೀರು ಕಟ್ಟಿದ, ಬಸ್ ನಿಲ್ಲುವ ಕಡೆ ಹೋಗಿ ಸುಮ್ಮನೆ ನಿಂತ. ಯಾರೂ ಕೇಳದಿದ್ದರೂ, "ಇದು ನಮ್ಮ ಅಳಿಯಂದಿರ ಕೈಯದು" ಎಂದು ಎದೆ ಮುಟ್ಟಿ ತೋರಿಸುತ್ತಿದ್ದ.

ಭಾವ ಹೆಣೆಯುವುದನ್ನು ನೋಡಬೇಕು. ಕಣ್ಣು ಕಿಟಕಿಯ ಆಚೆ, ಎದುರು ಮನೆಯ ಸೂರಿನ ಮೇಲೋ ಅದಕ್ಕೂ ಮೇಲಿನ ಆಕಾಶದಲ್ಲೋ ಇರುತ್ತಿತ್ತು. ಕೆಳಗೆ ಮಡಿಲಲ್ಲಿ ಕಡ್ಡಿಗಳು ತಮ್ಮ ಪಾಡಿಗೆ ತಾವು ಟಿಕ್ ಟಿಕ್ ಅನ್ನುತ್ತಿದ್ದವು. ಒಂದೇ ಒಂದು ಸಲವೂ ಕೆಳಗೆ ನೋಡುತ್ತಿರಲಿಲ್ಲ. ಕಡ್ಡಿಯ ಮೇಲಿನ ಒಂದೊಂದು ಕುಣಿಕೆಯನ್ನೂ ಬೆರಳ ತುದಿ ಮುಟ್ಟಿ, ಇದೆಯಾ ಎಂದು ವಿಚಾರಿಸಿಕೊಂಡು ಮುಂದಕ್ಕೆ ಹೋಗುತ್ತಿತ್ತು. "ನನ್ನ ಕಣ್ಣು ಬೆರಳಲ್ಲಿದೆ. ಮುಖದ ಮೇಲಿರೋದು ಬೀದಿ ನೋಡಕ್ಕೆ" ಅನ್ನುತ್ತಿದ್ದರು. ಅದೊಂದು ವಿಷಯದಲ್ಲಿ ಮಾತ್ರ ಅವರಿಗೆ ಸ್ವಲ್ಪ ಜಂಬವಿತ್ತು.

ಕೈ ಹೀಗೆ ಆಡುತ್ತಿರುವಾಗ ಬಾಯಿ ಮಕ್ಕಳಿಗೆ ಬಿಳಿ ಊರಿನ ಕತೆ ಹೇಳುತ್ತಿತ್ತು. ಬಿಳಿ ಊರು ಅಂದರೆ ಅವರ ಕೋಲ್ಡ್ ಸ್ಟೋರೇಜೇ. ಬಾಗಿಲು ತೆರೆದರೆ ಊರಿನ ಉಸಿರು ನೆಲದ ಮೇಲೆ ತೆವಳಿಕೊಂಡು ಬಂದು ಕಾಲು ಮೂಸುತ್ತದೆ. ಒಳಗೆ ಬೀದಿಗಳಿವೆ, ಬೀದಿಯ ಎರಡೂ ಕಡೆ ಏಳೇಳು ಅಂತಸ್ತಿನ ಮನೆಗಳಿವೆ. ಆಲೂಗಡ್ಡೆಗಳು ಕಂಬಳಿಯಿಲ್ಲದೆ ಮಲಗುತ್ತವೆ. ಸೇಬುಗಳು ಸಣ್ಣಗೆ ಗೊರಕೆ ಹೊಡೆಯುತ್ತವೆ. ಬಟಾಣಿಗಳಿಗೆ ಮಾತ್ರ ನಿದ್ದೆ ಬರುವುದಿಲ್ಲ, ಅವು ಒಂದರ ಕಿವಿಯಲ್ಲಿ ಒಂದು ಪಿಸುಗುಡುತ್ತಿರುತ್ತವೆ.

"ಅಲ್ಲಿ ಶಾಲೆ ಇದೆಯಾ ಅಪ್ಪ?" ಉಂಡೆ ಕೇಳುತ್ತಿದ್ದ.

"ಇದೆ. ಬಾಗಿಲು ಹೆಪ್ಪುಗಟ್ಟಿದೆ. ಹಾಗಾಗಿ ಯಾವಾಗಲೂ ರಜೆ."

"ನಾನೂ ಬರ್ತೀನಿ ಅಲ್ಲಿಗೆ."

"ಬಾ. ಆದ್ರೆ ಅಲ್ಲಿ ಊಟ ಅಂದ್ರೂ ಐಸೇ, ಸಾರು ಅಂದ್ರೂ ಐಸೇ."

ಉಂಡೆ ಯೋಚಿಸುತ್ತಿದ್ದ. ಊಟದ ಸಮಯಕ್ಕೆ ಮಾತ್ರ ಮನೆಗೆ ಬಂದು ಹೋಗುವ ಏರ್ಪಾಡಾಗಬಹುದೇ ಎಂದು ವಿಚಾರಿಸುತ್ತಿದ್ದ.

ಆ ಮನೆಯಲ್ಲಿ ಚಳಿಗಾಲದ ರಜೆಯ ಮೊದಲ ದಿನಕ್ಕೆ ಒಂದು ಹೆಸರಿತ್ತು: ಬಿಚ್ಚೋ ದಿನ. ಕ್ಯಾಲೆಂಡರಿನಲ್ಲಿ ಅದು ಇರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಇರಲಿಲ್ಲ. ಭಾವನೇ ಮಾಡಿಕೊಂಡದ್ದು. ಆವತ್ತು ಅವರು ಒಂದು ರಜೆ ಹಾಕುತ್ತಿದ್ದರು. ವರ್ಷವೆಲ್ಲ ಹಾಕಿಕೊಂಡ ಮಕ್ಕಳ ಸ್ವೆಟರುಗಳು ಆ ಹೊತ್ತಿಗೆ ಮಣಿಕಟ್ಟು ದಾಟಿ ಮೇಲೆ ಬಂದಿರುತ್ತಿದ್ದವು. ಅವನ್ನು ಹಿಂದಿನ ದಿನವೇ ಒಗೆದು ಒಣಗಿಸಿ, ಬೆಳಿಗ್ಗೆ ಮಕ್ಕಳನ್ನು ಹೊಸಲಿನ ಮೇಲೆ ಕೂರಿಸಿ, ಸ್ವೆಟರಿನ ಕುತ್ತಿಗೆಯ ಹತ್ತಿರದ ಗಂಟನ್ನು ಹುಡುಕಿ ಬಿಡಿಸಿ, ಎಳೆಯ ತುದಿಯನ್ನು ಮಗುವಿನ ಕೈಗೆ ಕೊಟ್ಟು ಭಾವ ಹೇಳುತ್ತಿದ್ದರು: "ಓಡು."

ಮಗು ಓಡುತ್ತಿತ್ತು. ಕೋಣೆ ದಾಟಿ, ಪಡಸಾಲೆ ದಾಟಿ, ಮೆಟ್ಟಿಲಿಳಿದು, ಬೀದಿಯ ನಲ್ಲಿಯವರೆಗೆ. ಹಿಂದೆ ಭಾವನ ಕೈಯಲ್ಲಿ ಸ್ವೆಟರು ಸಾಲು ಸಾಲಾಗಿ ಕರಗುತ್ತಿತ್ತು. ಮೊದಲು ಕುತ್ತಿಗೆ, ಆಮೇಲೆ ಭುಜ, ಎದೆ, ಹೊಟ್ಟೆ. ನಾನು ಮೊದಲ ಸಲ ನೋಡಿದಾಗ ಅಯ್ಯೋ ಎಂದು ಕೂಗಿಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಹೊಲಿದದ್ದನ್ನು ಬಿಚ್ಚುವುದೆಂದರೆ ನಷ್ಟ. ಇಲ್ಲಿ ನೋಡಿದರೆ ಎಲ್ಲರೂ ನಗುತ್ತಿದ್ದರು. ಮೇಲಿನಿಂದ ನೋಡಿದರೆ ಬೀದಿಯ ತುಂಬ ತೆಳ್ಳಗೆ ಒಂದು ಕೆಂಪು ಎಳೆ, ಅದರ ಪಕ್ಕ ಒಂದು ಹಸಿರು ಎಳೆ. ಸೈಕಲ್ಲಿನಲ್ಲಿ ಬರುವವರು ಇಳಿದು, ಚಕ್ರ ಎತ್ತಿ, ಎಳೆ ದಾಟಿ ಹೋಗುತ್ತಿದ್ದರು. ಕೆಳಗಿನ ಮನೆಯ ಅಜ್ಜಿ, "ಏನಪ್ಪಾ, ಈ ವರ್ಷದ ಮಕ್ಕಳನ್ನ ಬಿಚ್ಚಿ ಆಯ್ತಾ?" ಎಂದು ಕೇಳುತ್ತಿದ್ದಳು.

ಆಮೇಲೆ ಆ ಎಳೆಯನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡುವುದು, ಬಿಸಿನೀರಿನಲ್ಲಿ ಅದ್ದುವುದು, ಪಡಸಾಲೆಯ ತಂತಿಗೆ ತೂಗುಹಾಕಿ ಕೆಳಗೆ ಒಂದು ಸೌಟು ಕಟ್ಟುವುದು. ವರ್ಷವೆಲ್ಲ ಕುಣಿಕೆಯಾಗಿದ್ದ ನೂಲು ಗುಂಗುರು ಕೂದಲಿನ ಹಾಗಿರುತ್ತದೆ. ಆ ಭಾರಕ್ಕೆ ನಿಧಾನವಾಗಿ ನೇರವಾಗುತ್ತದೆ. ಸಂಜೆಯ ಬಿಸಿಲಿನಲ್ಲಿ ತೊಟ್ಟಿಕ್ಕುವ ಬಣ್ಣದ ಲಡಿಗಳು, ಗಾಳಿಗೆ ಒಂದಕ್ಕೊಂದು ತಾಗುವ ಸೌಟುಗಳು. ಆ ಸದ್ದಿನಲ್ಲಿ ಮಕ್ಕಳು ಅಲ್ಲೇ ಚಾಪೆಯ ಮೇಲೆ ಮಲಗಿಬಿಡುತ್ತಿದ್ದರು. ಪಠ್ಯಪುಸ್ತಕ ಹಿಡಿದು ಕೂತ ನನಗೂ ಕಣ್ಣು ಎಳೆಯುತ್ತಿತ್ತು. ಬೆಳೆದ ಅಳತೆಗೆ ಬೇಕಾದಷ್ಟು ಹೊಸ ನೂಲು ಸೇರಿಸಿ, ರಜೆ ಮುಗಿಯುವುದರೊಳಗೆ ಭಾವ ಎರಡೂ ಸ್ವೆಟರು ಮತ್ತೆ ಹೆಣೆಯಬೇಕು. ಶಾಲೆ ತೆರೆದ ದಿನ ಮಕ್ಕಳು ಅದನ್ನು ಹಾಕಿಕೊಂಡು ಹೋಗಬೇಕು. ಹೊಸ ನೂಲಿನ ಬಣ್ಣ ಮಕ್ಕಳದೇ ಆಯ್ಕೆ. ಹೀಗಾಗಿ ಒಂದೊಂದು ವರ್ಷಕ್ಕೂ ಒಂದೊಂದು ಪಟ್ಟಿ.

ನಾನು ಕಡೆಯ ವರ್ಷ ಓದುತ್ತಿದ್ದಾಗಿನ ಬಿಚ್ಚೋ ದಿನ. ಲಡಿಗಳನ್ನು ಅದ್ದಲು ನಾನೇ ನೀರು ಕಾಯಿಸಿ ಬಕೆಟ್ಟಿಗೆ ಸುರಿದಿದ್ದೆ. ತಣ್ಣೀರು ಬೆರೆಸಲು ಚೊಂಬು ತರುವಷ್ಟರಲ್ಲಿ ಭಾವ ಲಡಿ ಹಿಡಿದು, ನೀರಿನ ಬಿಸಿ ನೋಡಲು ಬಲಗೈಯ ಎರಡು ಬೆರಳ ತುದಿ ಮುಳುಗಿಸಿ ಕೂತಿದ್ದರು. ಮುಖದಲ್ಲಿ ಏನೂ ಇಲ್ಲ. ಬಕೆಟ್ಟಿನಿಂದ ಹಬೆ ಏಳುತ್ತಿತ್ತು.

"ಭಾವ, ಕೈ ತೆಗೀರಿ. ಸುಡೋ ನೀರದು."

ಅವರು ಕೈ ತೆಗೆದು ನೋಡಿಕೊಂಡರು. ಎರಡೂ ಬೆರಳು ಕೆಂಪಾಗಿದ್ದವು. ಆಗ ಅವರಿಗೆ ಬೆರಳ ಬುಡ ಸ್ವಲ್ಪ ಉರಿಯತೊಡಗಿತು. ತುದಿಗಳು ಮಾತ್ರ ಬೇರೆ ಯಾರದೋ ಎಂಬಂತೆ ಇದ್ದವು.

ನಾನು ತಣ್ಣೀರು ಸುರಿದೆ. ಅವರು ಬಾಗಿಲ ಕಡೆ ನೋಡಿ, ಅಕ್ಕ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡರು. ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿ ಹೋದ ವರ್ಷದಿಂದಲೇ ಆಗಾಗ ಜೋಮು ಹಿಡಿಯುತ್ತಿತ್ತಂತೆ. ಈಗ ಒಮ್ಮೊಮ್ಮೆ ಜೋಮು ಬಿಡುವುದೇ ಇಲ್ಲ. ಮೇಸ್ತ್ರಿ ಒಮ್ಮೆ ಹೇಳಿದ್ದರಂತೆ: ಚಳಿ ಬೆರಳೊಳಗೆ ಮನೆ ಮಾಡಿದ ಮೇಲೆ ಆ ಕೋಣೆಯಲ್ಲಿ ಇರಬಾರದು, ಇದ್ದರೆ ಬೆರಳು ವಾಪಸ್ಸು ಸಿಗುವುದಿಲ್ಲ.

"ಅಕ್ಕಂಗೆ ಹೇಳಿದೀರಾ?"

"ಹೇಳಿದ್ರೆ ಇವತ್ತೇ ಕೆಲಸ ಬಿಡಿಸ್ತಾಳೆ. ನಂಗೆ ಅದನ್ನ ಬಿಡಕ್ಕೆ ಮನಸ್ಸಿಲ್ಲ. ಆ ಕೋಣೆ ಒಳಗೆ ಹೋಗಿ ಒಂದು ನಿಮಿಷ ನಿಂತು ನೋಡು, ಗೊತ್ತಾಗುತ್ತೆ. ಅಷ್ಟು ನಿಶ್ಶಬ್ದ ಹೊರಗೆಲ್ಲೂ ಇಲ್ಲ." ಅವರು ಒದ್ದೆ ಲಡಿಯನ್ನು ತಂತಿಗೆ ಹಾಕಿದರು. "ನಾನೇ ಒಂದು ಪರೀಕ್ಷೆ ಇಟ್ಕೊಂಡಿದೀನಿ ಕಣಮ್ಮ. ಈ ಎರಡು ಸ್ವೆಟರನ್ನ ಯಾವತ್ತಿನ ಹಾಗೆ, ಕೆಳಗೆ ನೋಡದೆ ಹೆಣೀತೀನಿ. ಒಂದು ಕುಣಿಕೆಯೂ ಜಾರದೆ ಮುಗಿದ್ರೆ ಬೆರಳು ಸರಿ ಇದೆ ಅಂತ. ಜಾರಿದ್ರೆ ನಾನೇ ಹೋಗಿ ಬೇರೆ ಕೆಲಸ ಕೇಳ್ತೀನಿ. ಅಲ್ಲಿವರೆಗೆ ನೀನು ಸುಮ್ಮನಿರು."

ಪರೀಕ್ಷೆ ಎಂಬ ಪದಕ್ಕೆ ಆಗ ನನಗೆ ಬಹಳ ಮರ್ಯಾದೆಯಿತ್ತು. ಫಲಿತಾಂಶ ಬರುವವರೆಗೆ ಕಾಯುವುದು ನ್ಯಾಯ ಅನ್ನಿಸಿತು. ಸುಮ್ಮನಿದ್ದೆ.

ಮರುದಿನದಿಂದ ಮೂರು ಗಂಟೆಗೆ ಬೆತ್ತದ ಕುರ್ಚಿ, ಕಿಟಕಿ, ಬಿಳಿ ಊರು. ಆ ವರ್ಷದ ಕತೆಯಲ್ಲಿ ಬಟಾಣಿಗಳು ಒಂದು ಬಿಸಿಲಿನ ತುಂಡನ್ನು ಕದ್ದು ತಂದು ಎಲ್ಲಿ ಅಡಗಿಸಿಡುವುದೆಂದು ಚರ್ಚಿಸುತ್ತಿದ್ದವು. ಉಂಡೆ ಅಪ್ಪನ ಬಾಯನ್ನೇ ನೋಡುತ್ತಿದ್ದ. ಗಿಣಿ ಪಕ್ಕದಲ್ಲಿ ಮೊಣಕಾಲು ಕಟ್ಟಿಕೊಂಡು ಕೂತು ಅಪ್ಪನ ಕೈಯನ್ನು ನೋಡುತ್ತಿದ್ದಳು. ಐದು ಗಂಟೆಗೆ ಅಕ್ಕ ಲಾಂಡ್ರಿಯಿಂದ ಬಂದು, ಬಿಸಿ ಅಂಗೈಯನ್ನು ಭಾವನ ಕೆನ್ನೆಗೆ ಒತ್ತಿ, "ಇವತ್ತಿನ ಇಸ್ತ್ರಿ ಆಯ್ತು" ಎಂದು ಒಳಗೆ ಹೋಗುತ್ತಿದ್ದಳು.

ಬೆಳಗಿನ ಹೊತ್ತು ಮನೆಯಲ್ಲಿ ನಾನೂ ಮಕ್ಕಳೂ ಮಾತ್ರ. ನಾನು ಹಿಂದಿನ ಕೋಣೆಯಲ್ಲಿ ಓದುತ್ತಿದ್ದೆ. ಮುಂದಿನ ಕೋಣೆಯಲ್ಲಿ ಮೇಜಿನ ಸುತ್ತ ಬೆಡ್‌ಶೀಟ್ ಇಳಿಬಿಟ್ಟು ಅವರಿಬ್ಬರೂ ಆಸ್ಪತ್ರೆ ಆಟ ಆಡುತ್ತಿದ್ದರು. ಡಾಕ್ಟರು ಒಳಗೆ. ಕಾಂಪೌಂಡರು, ಅಂದರೆ ಉಂಡೆ, ಹೊರಗೆ ಸ್ಟೂಲಿನ ಮೇಲೆ.

"ಒಳಗೆ ಹೋಗೋ ಹಾಗಿಲ್ಲ ಚಿಕ್ಕಿ. ಆಪರೇಷನ್ ನಡೀತಿದೆ."

"ಪೇಷೆಂಟ್ ಯಾರು?"

"ಹೇಳೋ ಹಾಗಿಲ್ಲ."

"ಬದುಕ್ತಾರಾ?"

ಅವನು ಬೆಡ್‌ಶೀಟಿನ ಒಳಗೆ ತಲೆ ಹಾಕಿ ಕೇಳಿಕೊಂಡು ಬಂದು, "ಇವತ್ತು ಮೂರು ಜನ ಇದಾರೆ. ಮೂರೂ ಬದುಕ್ತಾರೆ" ಅಂದ.

ಮಕ್ಕಳು ಜಗಳವಿಲ್ಲದೆ ಆಡುತ್ತಿದ್ದಾರಲ್ಲ ಎಂದು ನಾನು ಬಾಗಿಲು ಮುಂದೆ ಮಾಡಿಕೊಂಡು ಓದುತ್ತಿದ್ದೆ.

ಉಂಡೆಯ ಸ್ವೆಟರು ಹತ್ತು ದಿನದಲ್ಲಿ ಕುತ್ತಿಗೆ ಬಿಟ್ಟು ಮುಗಿಯಿತು. ದಿನವೂ ಕೆಲಸ ಶುರು ಮಾಡುವ ಮೊದಲು ಭಾವ ಹೆಣೆದಷ್ಟನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಕುಣಿಕೆ ಜಾರಿದ್ದರೆ ಅಲ್ಲಿಂದ ಕೆಳಕ್ಕೆ ಏಣಿಯ ಹಾಗೆ ಬೆಳಕು ಇಳಿದು ಕಾಣುತ್ತದೆ. ಎಲ್ಲೂ ಇರುತ್ತಿರಲಿಲ್ಲ. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು. ನಾನೂ ಸಮಾಧಾನದಿಂದ ತಲೆಯಾಡಿಸುತ್ತಿದ್ದೆ.

ಹನ್ನೆರಡನೆಯ ದಿನ ಬೆಳಿಗ್ಗೆ ನನ್ನ ಪೆನ್ನಿನ ಇಂಕು ಮುಗಿಯಿತು. ಮುಂದಿನ ಕೋಣೆಗೆ ಬಂದೆ. ಕಾಂಪೌಂಡರು ಸ್ಟೂಲಿನ ಮೇಲೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ನಾನು ಬೆಡ್‌ಶೀಟ್ ಸರಿಸಿ ಬಗ್ಗಿ ನೋಡಿದೆ.

ಮೇಜಿನ ಕೆಳಗೆ ಟಾರ್ಚು ಹಚ್ಚಿಟ್ಟುಕೊಂಡು ಗಿಣಿ ಕೂತಿದ್ದಳು. ಮಡಿಲಲ್ಲಿ ಅವಳದೇ ಸ್ವೆಟರಿನ ಬೆನ್ನು, ಕಡ್ಡಿಯ ಸಮೇತ. ಕೈಯಲ್ಲಿ ಕೊಕ್ಕೆಕಡ್ಡಿ. ನಾಲಿಗೆಯ ತುದಿ ಹೊರಗೆ. ಹಿಂದಿನ ದಿನ ಜಾರಿಹೋಗಿದ್ದ ಒಂದು ಕುಣಿಕೆಯನ್ನು ಕೆಳಗಿನಿಂದ ಹಿಡಿದು ಒಂದೊಂದೇ ಸಾಲು ಮೇಲೆ ತರುತ್ತಿದ್ದಳು. ಅದನ್ನು ಅವಳಿಗೆ ಕಲಿಸಿದ್ದು ಭಾವನೇ. "ಜಾರಿದ ಕುಣಿಕೆ ಅಂದ್ರೆ ಬಾವಿಗೆ ಬಿದ್ದ ಕೊಡ. ಅವಸರ ಮಾಡಬಾರದು. ಕೊಕ್ಕೆ ಇಳಿಸು, ಹಿಡಿ, ನಿಧಾನ ಮೇಲೆ ತಾ" ಎಂದು ಹೇಳಿಕೊಟ್ಟಿದ್ದರು.

ಅವಳು ನನ್ನನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ. ಕುಣಿಕೆಯನ್ನು ಕಡ್ಡಿಯ ಮೇಲೆ ಕೂರಿಸಿದ ಮೇಲೆ ಹೇಳಿದಳು.

"ಅಪ್ಪಂಗೆ ಹೇಳಬೇಡ ಚಿಕ್ಕಿ."

"ಎಷ್ಟು ದಿನದಿಂದ ಇದು?"

"ಮೊದಲನೇ ದಿನದಿಂದ. ಅಪ್ಪ ಕತೆ ಹೇಳುವಾಗ ಜಾರುತ್ತೆ. ಅಪ್ಪಂಗೆ ಗೊತ್ತಾಗಲ್ಲ. ಗೊತ್ತಾದ್ರೆ ಬೇಜಾರು ಮಾಡ್ಕೊತಾರೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಭಾವನ ಗುಟ್ಟು ಒಂದು ಕೈಯಲ್ಲಿ, ಮಗಳ ಗುಟ್ಟು ಇನ್ನೊಂದು ಕೈಯಲ್ಲಿ. ಎರಡೂ ಕೈ ತುಂಬಿದ್ದರಿಂದ ಏನನ್ನೂ ಮಾಡಲಾರದವಳ ಹಾಗೆ ಎರಡು ದಿನ ತಳ್ಳಿದೆ. ಈಗ ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಮಗುವಿಗೆ ಗೊತ್ತಿದ್ದದ್ದು ಅಪ್ಪನ ಬೇಜಾರು ಮಾತ್ರ. ಪರೀಕ್ಷೆಯ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೆ.

ಹದಿನಾಲ್ಕನೆಯ ದಿನ ಭಾವ ಕೆಲಸದಿಂದ ಬಂದವರೇ ಬಟ್ಟೆ ಕೂಡ ಬದಲಾಯಿಸದೆ ನನ್ನನ್ನು ಪಡಸಾಲೆಗೆ ಕರೆದರು. ರಜೆ ಮುಗಿಯುವ ಹೊತ್ತಿಗೆ ಅಲ್ಲಿ ಒಂದು ಹೊಸ ಕೋಣೆ ತೆರೆಯುತ್ತಾರಂತೆ. ಸೊನ್ನೆಗಿಂತ ಇಪ್ಪತ್ತೈದು ಕೆಳಗೆ. ಅದರ ಜವಾಬ್ದಾರಿ ತೆಗೆದುಕೊಳ್ಳುತ್ತೀಯಾ ಎಂದು ಸೂಪರ್‌ವೈಸರ್ ಕೇಳಿದ್ದಾರೆ.

"ಏನಂದ್ರಿ?"

"ನಾಳೆ ಹೇಳ್ತೀನಿ ಅಂದಿದೀನಿ. ಪರೀಕ್ಷೆ ಪಾಸಾದಂಗೇ ಅಲ್ವಾ? ಎರಡು ವಾರ ಆಯ್ತು, ಒಂದೇ ಒಂದು ಕುಣಿಕೆ ಜಾರಿಲ್ಲ. ನಾನೇ ಸುಮ್ಮನೆ ಹೆದರಿಕೊಂಡಿದ್ದೆ." ಅವರು ನಕ್ಕರು. ಬಲಗೈಯ ಎರಡು ಬೆರಳನ್ನು ಎಡಗೈಯಿಂದ ಉಜ್ಜುತ್ತಲೇ ಇದ್ದರು. "ಹೊಸ ಊರು ಕಣಮ್ಮ. ಇನ್ನೂ ಯಾರೂ ಕಾಲಿಡದ ಊರು."

ಆ ಮಧ್ಯಾಹ್ನ ಅವರು ಸ್ನಾನಕ್ಕೆ ಹೋದಾಗ ನಾನು ಗಿಣಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಬಿಸಿನೀರಿನ ಬಕೆಟ್ಟು, ಮೇಸ್ತ್ರಿಯ ಮಾತು, ಪರೀಕ್ಷೆ, ಹೊಸ ಕೋಣೆ. ಒಂಬತ್ತು ವರ್ಷದ ಮಗುವಿಗೆ ಎಷ್ಟು ಹೇಳಬೇಕೆಂದು ತಿಳಿಯದೆ ಪಾಠ ಒಪ್ಪಿಸಿದ ಹಾಗೆ ಕ್ರಮವಾಗಿ ಹೇಳಿದೆ. ಅವಳು ಕೇಳಿಸಿಕೊಂಡಳು. ಆವತ್ತು ಬೆಳಿಗ್ಗೆ ಅವಳು ಮೇಲೆ ತಂದ ಕುಣಿಕೆಗಳು ಐದು ಎಂದು ಮಾತ್ರ ತಿಳಿಸಿ ಎದ್ದು ಹೋದಳು.

ಹದಿನೈದನೆಯ ದಿನ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಬೆಡ್‌ಶೀಟ್ ಇರಲಿಲ್ಲ. ಉಂಡೆ ಖಾಲಿ ಸ್ಟೂಲಿನ ಸುತ್ತ ಸುಮ್ಮನೆ ತಿರುಗುತ್ತಿದ್ದ.

"ಆಸ್ಪತ್ರೆ ಇಲ್ವಾ?" ಅಂದೆ.

"ಡಾಕ್ಟರಿಗೆ ರಜೆಯಂತೆ. ಪೇಷೆಂಟುಗಳು ಹಾಗೇ ಬಿದ್ದಿದಾರೆ." ಅವನ ದನಿಯಲ್ಲಿ ಕೆಲಸ ಹೋದವನ ದುಃಖವಿತ್ತು. ಗಿಣಿ ಅಪ್ಪನ ಬೆತ್ತದ ಕುರ್ಚಿಯಲ್ಲಿ ಕೂತು ಕಿಟಕಿಯಿಂದ ಬೀದಿ ನೋಡುತ್ತಿದ್ದಳು. ಬೆಳಗೆಲ್ಲ ಹಾಗೇ ಕೂತಿದ್ದಳು. ಒಂದು ಪೆನ್ಸಿಲು ಪೂರ್ತಿ ಮುಗಿದುಹೋಯಿತು.

ಭಾವ ಬಂದರು. ಸೂಪರ್‌ವೈಸರ್ ಆವತ್ತು ಬಂದಿರಲಿಲ್ಲವಂತೆ. ಊಟ ಮಾಡಿ, ಕೈ ತೊಳೆದು, ಮೂರು ಗಂಟೆಗೆ ಕುರ್ಚಿಯಲ್ಲಿ ಕೂತರು. ಬಟಾಣಿಗಳ ಬಿಸಿಲಿನ ತುಂಡು ಕರಗುತ್ತಿದೆ ಎಂದು ಕತೆ ಶುರು ಮಾಡುತ್ತಾ, ಎಂದಿನಂತೆ ಸ್ವೆಟರಿನ ಬೆನ್ನನ್ನು ಬೆಳಕಿಗೆ ಎತ್ತಿ ಹಿಡಿದರು. ಕಣ್ಣು ಮಾತ್ರ ಅಭ್ಯಾಸಬಲದಿಂದ ಬೀದಿಯಲ್ಲೇ ಇತ್ತು. ಎರಡು ವಾರ ಏನೂ ಕಾಣದಿದ್ದ ಮೇಲೆ ನೋಡುವ ಅಗತ್ಯವೂ ಅವರಿಗೆ ತೋರಿರಲಿಲ್ಲ.

ನೋಡಿದ್ದು ಉಂಡೆ. ಅವನು ಎದ್ದು ಬಂದು ತನ್ನ ಕಿರುಬೆರಳನ್ನು ಸ್ವೆಟರಿನ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆಯಿಂದ ಹೊರಗೆ ತೆಗೆದ.

"ಅಪ್ಪ, ಇಲ್ಲೊಂದು ಕಿಟಕಿ ಇದೆ."

ಭಾವ ಕೆಳಗೆ ನೋಡಿದರು. ಆ ಮನೆಯಲ್ಲಿ ನಾನಿದ್ದ ಅಷ್ಟು ದಿನದಲ್ಲಿ ಕಡ್ಡಿ ಹಿಡಿದ ಅವರು ಕೆಳಗೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಾಲ್ಕು ಕಡೆ ಕುಣಿಕೆ ಜಾರಿತ್ತು. ಒಂದು ಕಡೆ ಅದು ಇಳಿಯುತ್ತಾ ಇಳಿಯುತ್ತಾ ಒಂದು ಗೇಣು ಉದ್ದದ ಏಣಿಯಾಗಿತ್ತು. ಅದರ ಮೆಟ್ಟಿಲುಗಳ ನಡುವೆ ಮಧ್ಯಾಹ್ನದ ಬಿಸಿಲು ಬಂದು ಅವರ ಅಂಗಿಯ ಮೇಲೆ ಗೆರೆ ಗೆರೆಯಾಗಿ ಬಿದ್ದಿತ್ತು.

ಅವರು ಸ್ವೆಟರನ್ನು ಮಡಿಲಲ್ಲಿ ಹರಡಿಕೊಂಡು ಕಣ್ಣಿನ ಹತ್ತಿರ ತಂದು ಕೆಳಗಿನ ಅಂಚಿನಿಂದ ನಿಧಾನವಾಗಿ ನೋಡುತ್ತಾ ಬಂದರು. ಹೆಣೆಯುವವರಿಗೆ ಒಬ್ಬೊಬ್ಬರ ಕೈಯೂ ಬೇರೆ. ಭಾವನ ಕೈ ಸಡಿಲ. ಗಿಣಿಯ ಕೈ ಬಿಗಿ, ಅವಳು ನೂಲನ್ನು ಉಸಿರು ಕಟ್ಟುವ ಹಾಗೆ ಎಳೆಯುತ್ತಿದ್ದಳು. ಸಡಿಲ ಹೆಣಿಗೆಯ ನಡುವೆ ಅಲ್ಲಲ್ಲಿ ಒಂದೊಂದು ಬಿಗಿಯಾದ ಗೆರೆ ಮೇಲಕ್ಕೆ ಹೋಗಿತ್ತು. ಭಾವ ಎದ್ದು, ಮುಗಿಸಿಟ್ಟಿದ್ದ ಉಂಡೆಯ ಸ್ವೆಟರನ್ನೂ ತಂದರು. ಅದರಲ್ಲೂ ಇತ್ತು. ಬೆರಳಿಗೆ ತಿಳಿಯದ್ದರಿಂದ ಕಣ್ಣಿನಿಂದಲೇ ಒಂದೊಂದನ್ನೂ ಗುರುತಿಸಿದರು.

"ಇದು ನನ್ನ ಕೈ ಅಲ್ಲ" ಅಂದರು.

ಗಿಣಿ ಮೊಣಕಾಲಿನ ನಡುವೆ ಮುಖ ಇಟ್ಟುಕೊಂಡಳು. "ನೀನು ಕಲಿಸಿದ್ದ ಹಾಗೇ ಮಾಡಿದೆ. ಅವಸರ ಮಾಡಿಲ್ಲ."

"ಗೊತ್ತಾಗುತ್ತೆ. ಒಂದೂ ತಪ್ಪಿಲ್ಲ." ಅವರು ಉದ್ದನೆಯ ಏಣಿಯ ಕಡೆ ಬೆರಳು ಮಾಡಿದರು. "ಮತ್ತೆ ಇವತ್ತು ಯಾಕೆ ಬಿಟ್ಟೆ?"

"ನೀನು ಹೊಸ ಊರಿಗೆ ಹೋಗ್ತೀಯಲ್ಲ" ಅಂದಳು. ಆಮೇಲೆ, ಅವಳ ಅಭ್ಯಾಸದಂತೆ, ತಡವಾಗಿ ಇನ್ನೊಂದು ಮಾತು ಸೇರಿಸಿದಳು. "ಅಲ್ಲಿಂದ ನಿನ್ನ ಕೈ ವಾಪಸ್ಸು ಬರಲ್ವಂತೆ."

ಭಾವ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಬೈಯಬಹುದೆಂದುಕೊಂಡೆ. ಅವರು ಬೈಯಲಿಲ್ಲ. ಮಗಳನ್ನು ಹತ್ತಿರ ಕರೆದು, ತೋರುಬೆರಳಿನಿಂದ ಅವಳ ಕೆನ್ನೆ ಮುಟ್ಟಿದರು. ಮತ್ತೆ ಅದೇ ಕೈಯನ್ನು ತಿರುವಿ, ಬೆರಳಿನ ಹಿಂಭಾಗದಿಂದ ಮುಟ್ಟಿದರು. ಎರಡನೆಯದು ಯಾಕೆಂದು ನನಗೆ ಆಮೇಲೆ ಹೊಳೆಯಿತು. ತುದಿಗೆ ಕೆನ್ನೆ ಸಿಕ್ಕಿರಲಿಲ್ಲ.

ಐದು ಗಂಟೆಗೆ ಅಕ್ಕ ಬಂದಳು. ಭಾವ ಎಲ್ಲವನ್ನೂ ತಾವೇ ಹೇಳಿದರು. ಅಕ್ಕ ಚಪ್ಪಲಿ ಕೂಡ ಬಿಡದೆ ನಿಂತೇ ಕೇಳಿದಳು. ಅವಳ ಮುಖ ಇಸ್ತ್ರಿ ಪೆಟ್ಟಿಗೆಯಷ್ಟೇ ಕಾದಿತ್ತು. ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದ ಬಾಕಿಯನ್ನು ಆಮೇಲೆ ಅಡುಗೆಮನೆಯಲ್ಲಿ ನಾನು ಪೂರ್ತಿ ಕೇಳಿಸಿಕೊಂಡೆ. ಆ ಕ್ಷಣಕ್ಕೆ ಅವಳು ಭಾವನ ಎದುರು ಕೂತು, ಅವರ ಎರಡು ಬೆರಳನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು.

"ಬಿಸಿ ಗೊತ್ತಾಗ್ತಿದೆಯಾ?"

"ಇಲ್ಲ."

"ಈಗ?"

"ಸ್ವಲ್ಪ. ಬುಡದಲ್ಲಿ."

"ರೀ, ಹದಿನಾಲ್ಕು ವರ್ಷ ಬಟಾಣಿಗೆ, ಆಲೂಗಡ್ಡೆಗೆ ಜೋಗುಳ ಹಾಡಿದ್ದು ಸಾಕು. ಇನ್ನು ಅವು ತಾವೇ ಮಲಗ್ತವೆ" ಅಂದಳು. "ಇನ್ನು ಏನಿದ್ರೂ ನನ್ನ ಹತ್ರ ಹೇಳಿ. ಸ್ವೆಟರ್ ಹತ್ರ ಕೇಳಬೇಡಿ."

ಮರುದಿನ ಭಾವ ಸೂಪರ್‌ವೈಸರ್ ಮುಂದೆ ಕೈ ಚಾಚಿ ತೋರಿಸಿ, ಹೊರಗಿನ ಕೆಲಸ ಕೇಳಿದರು. ಗೇಟಿನ ಹತ್ತಿರ, ಲಾರಿಗಳನ್ನು ತೂಕ ಮಾಡುವ ಕಡೆ, ಬಿಸಿಲು ಬೀಳುವ ಒಂದು ಗೂಡಿನಂಥ ಕೋಣೆಯಿತ್ತು. ಅದನ್ನು ಕೊಟ್ಟರು. ಡಾಕ್ಟರು ಬೆರಳಿಗೆ ಸೂಜಿ ಮುಟ್ಟಿಸಿ ನೋಡಿ, ಚಳಿಯಿಂದ ದೂರವಿದ್ದರೆ ಸ್ಪರ್ಶ ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಬರುತ್ತದೆಂದು ಹೇಳಲಾರೆ ಅಂದರಂತೆ. ಕೊನೆಯ ದಿನ ಹಳೆಯ ಕೋಣೆಯ ಬಾಗಿಲು ಮುಚ್ಚುವ ಮೊದಲು ಭಾವ ಒಳಗೆ ಒಂದು ನಿಮಿಷ ಸುಮ್ಮನೆ ನಿಂತು ಬಂದರೆಂದು ಉಂಡೆಗೆ ಹೇಳಿದರು. "ಏನಂದ್ರು ಅವರೆಲ್ಲ?" ಎಂದು ಅವನು ಕೇಳಿದ. "ಬಾಗಿಲು ಹಾಕ್ಕೊಂಡು ಹೋಗು, ಚಳಿ ಹೊರಗೆ ಹೋಗುತ್ತೆ ಅಂದ್ರು."

ಗಿಣಿಯ ಸ್ವೆಟರನ್ನು ಅವರಿಬ್ಬರೂ ಸೇರಿ ಮುಗಿಸಿದರು. ಭಾವ ಕನ್ನಡಕ ಹಾಕಿಕೊಂಡು, ಕೆಳಗೆ ನೋಡಿಕೊಂಡು, ಒಂದು ಸಾಲಿಗೆ ಮೊದಲಿನ ಮೂರರಷ್ಟು ಹೊತ್ತು ತೆಗೆದುಕೊಂಡು ಹೆಣೆದರು. ಕೆಳಗೆ ನೋಡುವಾಗ ಕತೆ ಹೇಳಲಾಗುತ್ತಿರಲಿಲ್ಲ. ಹಾಗಾಗಿ ಬಿಳಿ ಊರಿನ ಮುಂದಿನ ಕತೆಯನ್ನು ಉಂಡೆ ಹೇಳಬೇಕಾಯಿತು. ಅವನ ಕತೆಯಲ್ಲಿ ಶಾಲೆಯ ಬಾಗಿಲು ಇನ್ನೂ ಹೆಪ್ಪುಗಟ್ಟಿತ್ತು, ಬಟಾಣಿಗಳು ಮಾತ್ರ ಗೇಟಿನ ಹತ್ತಿರ ಬಂದು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಸ್ವೆಟರಿನ ಒಂದು ತೋಳು ಅಪ್ಪನದು, ಒಂದು ತೋಳು ಮಗಳದು. ಅಪ್ಪನ ತೋಳು ಜೋತುಬಿದ್ದಿತ್ತು, ಮಗಳ ತೋಳು ಅರ್ಧ ಇಂಚು ಗಿಡ್ಡವಾಗಿತ್ತು. ಏಣಿಗಳನ್ನೆಲ್ಲ ಗಿಣಿ ಮೇಲೆ ತಂದಳು. ಆದರೆ ಉಂಡೆ ತನ್ನ ಸ್ವೆಟರಿಗೂ ಒಂದು ಕಿಟಕಿ ಬೇಕೇ ಬೇಕೆಂದು ಹಟ ಹಿಡಿದ. ಹೊಟ್ಟೆಯ ಹತ್ತಿರ ಭಾವ ಬೇಕೆಂದೇ ಒಂದು ಕುಣಿಕೆ ಜಾರಿಸಿ, ಅದು ಇಳಿಯದ ಹಾಗೆ ಮೇಲೂ ಕೆಳಗೂ ಕಟ್ಟಿಕೊಟ್ಟರು. ಶಾಲೆ ತೆರೆದ ದಿನ ಅವನು ಅದರಿಂದ ಬೆರಳು ಹೊರಗೆ ಹಾಕಿ ಬೀದಿಯುದ್ದಕ್ಕೂ ಎಲ್ಲರಿಗೂ ಆಡಿಸಿಕೊಂಡು ಹೋದ.

ಆ ಬೇಸಿಗೆಯಲ್ಲಿ ನನ್ನ ಪರೀಕ್ಷೆ ಮುಗಿಯಿತು. ಕೆಲಸ ಸಿಕ್ಕಿ ನಾನು ಬೇರೆ ಊರಿಗೆ ಹೋದೆ. ಮುಂದಿನ ಚಳಿಗಾಲದ ರಜೆಗೆ, ಬಿಚ್ಚೋ ದಿನದ ಹೊತ್ತಿಗೆ ಸರಿಯಾಗಿ ಹೋಗಿದ್ದೆ. ಬೀದಿಯ ತುಂಬ ಎಳೆ. ಕೆಳಗಿನ ಮನೆಯ ಅಜ್ಜಿ ಅದೇ ಮಾತು ಕೇಳಿದಳು. ಸಂಜೆ ಪಡಸಾಲೆಯಲ್ಲಿ ಲಡಿಗಳು ತೊಟ್ಟಿಕ್ಕುತ್ತಿದ್ದವು, ಸೌಟುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ನೀರು ಅದ್ದುವಷ್ಟು ಹದವಾಗಿದೆಯೇ ಎಂದು ಆ ಸಲ ಗಿಣಿಯೇ ಮೊಣಕೈ ಮುಳುಗಿಸಿ ನೋಡಿದ್ದಳು.

ಭಾವ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಬಲಗೈ ಚಾಚಿ ಕೂತಿದ್ದರು. ಎದುರಿಗೆ ಉಂಡೆ ಹೆಣಿಗೆಯ ಕಡ್ಡಿ ಹಿಡಿದು ನಿಂತಿದ್ದ. ವರ್ಷವೆಲ್ಲ ದಿನಕ್ಕೊಂದು ಸಲ ಆಡುವ ಆಟವಂತೆ ಅದು. ಅವನು ಕಡ್ಡಿಯ ಮೊಂಡು ತುದಿಯನ್ನು ಒಂದು ಬೆರಳಿಗೆ ಮುಟ್ಟಿಸಿದ.

"ಯಾವ ಬೆರಳು?"

"ಉಂಗುರದ ಬೆರಳು."

"ಸರಿ. ಇದು?"

"ಹೆಬ್ಬೆರಳು."

"ಇದು?"

ಭಾವ ತಡವರಿಸಿದರು. ಹುಬ್ಬು ಗಂಟಿಕ್ಕಿತು. ಒಳಗಿನಿಂದ ಅಕ್ಕನೂ ಬಂದು ಬಾಗಿಲಲ್ಲಿ ನಿಂತಳು. ಗಿಣಿ ಲಡಿ ಹಿಂಡುವುದನ್ನು ನಿಲ್ಲಿಸಿದಳು.

"ನಡುಬೆರಳು" ಅಂದರು.

"ಅಲ್ಲ. ತೋರುಬೆರಳು" ಅಂದ ಉಂಡೆ, ಮೇಷ್ಟ್ರ ದನಿಯಲ್ಲಿ. "ಆದ್ರೆ ಪಕ್ಕದ್ದೇ ಹೇಳಿದೀಯ. ಹೋದ ತಿಂಗಳು ಏನೂ ಗೊತ್ತಾಗಿರಲಿಲ್ಲ. ಮತ್ತೆ ಹೇಳು."

ಭಾವ ಕಣ್ಣು ಮುಚ್ಚಿಕೊಂಡೇ ಕೈಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿದರು.